ನಂಗು, ಲೇಪಾ, ಭಾಕಸ್: ಪುಣೆ ಮಾರುಕಟ್ಟೆಯಲ್ಲಿ ಚಪ್ಪಟೆ ಮೀನು ಗುರುತಿಸುವುದು ಹೇಗೆ, ಫಿಲೆಟ್ ತೆಗೆಯುವುದು ಹೇಗೆ?

ಪುಣೆ: ಕರಾವಳಿಯಿಂದ ಪುಣೆಗೆ ಬಂದು ನೆಲೆಸಿದವರಿಗೆ ಬಂಗುಡೆ ಹುಡುಕುವುದು ಕಷ್ಟವಲ್ಲ. ಮರಾಠಿಯಲ್ಲಿ ಅದು ಬಾಂಗಡಾ. ಬೂತಾಯಿ ಇಲ್ಲಿ ತಾರ್ಲಿ, ಕಾಣೆ ನಗಲಿ, ಅಂಜಲ್ ಸುರಮಯಿ, ಮಾಂಜಿ ಪಾಪ್ಲೆಟ್. ಒಂದೆರಡು ಭಾನುವಾರ ಮಾರುಕಟ್ಟೆ ಸುತ್ತಿದರೆ ಇಷ್ಟೆಲ್ಲ ಬಾಯಿಪಾಠವಾಗುತ್ತದೆ. ತೊಡಕು ಬರುವುದು ನಂಗು ಮೀನಿನ ವಿಷಯದಲ್ಲಿ. ತುಳುವಿನ ನಂಗ್, ಕೊಂಕಣಿಯ ಲೇಪೊ ಪುಣೆಯಲ್ಲಿ ‘ಲೇಪಾ’ ಆಗುತ್ತದೆ. ಆದರೆ ಲೇಪಾ ಎಂಬ ಒಂದೇ ಹೆಸರಿನಡಿ ನಾಲ್ಕಾರು ಬಗೆಯ ಮೀನುಗಳು ಬುಟ್ಟಿಯಲ್ಲಿರುತ್ತವೆ. ಪಕ್ಕದ ಬುಟ್ಟಿಯಲ್ಲಿ ಅದೇ ಚಪ್ಪಟೆ ಆಕಾರದ, ಇನ್ನೂ ದಪ್ಪನೆಯ ‘ಭಾಕಸ್’ ಇರುತ್ತದೆ. ಹೋಟೆಲ್ ಮೆನುವಿನಲ್ಲಿ ‘ಸೋಲ್’, ‘ಹ್ಯಾಲಿಬಟ್’ ಎಂದು ಬರೆದಿರುತ್ತಾರೆ. ಸೂಪರ್ ಮಾರ್ಕೆಟ್‌ನ ಫ್ರೀಜರ್‌ನಲ್ಲಿ ಬರೀ ‘ಫಿಶ್ ಫಿಲೆಟ್’ ಎಂಬ ಪ್ಯಾಕೆಟ್. ಯಾವುದಕ್ಕೆ ಎಷ್ಟು ಕೊಡಬೇಕು, ತಟ್ಟೆಗೆ ಬಂದದ್ದು ನಿಜಕ್ಕೂ ಯಾವುದು ಎಂದು ತಿಳಿಯಲು ಮೀನನ್ನೇ ಓದುವುದನ್ನು ಕಲಿಯಬೇಕು.

ಗಣೇಶ್ ಪೇಟೆಯ ಮೀನು ಮಾರುಕಟ್ಟೆಯ ವಾರದ ದರಪಟ್ಟಿ ಮರಾಠಿ ಪತ್ರಿಕೆಗಳಲ್ಲಿ ಬರುತ್ತದೆ. ಅದರಲ್ಲಿ ಆಳ ಸಮುದ್ರದ ಮೀನು, ಖಾಡಿಯ ಅಂದರೆ ಅಳಿವೆಯ ಮೀನು, ನದಿ ಮೀನು ಎಂದು ವಿಭಾಗ ಮಾಡಿರುತ್ತಾರೆ. ಲೇಪಾ ಕಾಣಿಸುವುದು ಖಾಡಿಯ ಪಟ್ಟಿಯಲ್ಲಿ, ‘ಸಣ್ಣದು’, ‘ದೊಡ್ಡದು’ ಎಂಬ ಎರಡು ದರಗಳೊಂದಿಗೆ. ಇದು ಬರೀ ಗಾತ್ರದ ವ್ಯತ್ಯಾಸ ಎಂದುಕೊಳ್ಳಬೇಡಿ. ಎಷ್ಟೋ ಸಲ ಸಣ್ಣ ಲೇಪಾ ಒಂದು ಜಾತಿ, ದೊಡ್ಡ ಲೇಪಾ ಇನ್ನೊಂದು ಜಾತಿ.

ಮೊದಲು ಕಣ್ಣು ನೋಡಿ

ಚಪ್ಪಟೆಯಾಗಿರುವ ಮೀನೆಲ್ಲ ಚಪ್ಪಟೆ ಮೀನಲ್ಲ. ಮಾಂಜಿಯೂ ತಟ್ಟೆಯ ಹಾಗೇ ಇದೆ. ಆದರೆ ಅದು ನೀರಿನಲ್ಲಿ ನೆಟ್ಟಗೆ ನಿಂತು ಈಜುವ ಮೀನು, ಒಂದೊಂದು ಬದಿಗೆ ಒಂದೊಂದು ಕಣ್ಣು, ಎರಡೂ ಬದಿ ಒಂದೇ ಬಣ್ಣ. ಮರಾಠಿಗರ ಹಲವಾ, ನಮ್ಮ ಕಪ್ಪು ಮಾಂಜಿ ಕೂಡ ಹಾಗೆಯೇ. ನಿಜವಾದ ಚಪ್ಪಟೆ ಮೀನು ಸಮುದ್ರದ ತಳದಲ್ಲಿ ಒಂದು ಮಗ್ಗುಲಿಗೆ ಮಲಗಿ ಬದುಕುವಂಥದ್ದು. ಎರಡು ಕಣ್ಣುಗಳೂ ಮೇಲಿನ ಬದಿಯಲ್ಲೇ ಇರುತ್ತವೆ. ಆ ಬದಿ ಮಣ್ಣಿನ ಬಣ್ಣ, ಕೆಳಗಿನ ಬದಿ ಬಿಳುಪು.

ಮೊಟ್ಟೆಯೊಡೆದು ಹೊರಬಂದಾಗ ಇದರ ಮರಿಯೂ ಉಳಿದ ಮೀನುಗಳಂತೆಯೇ ಇರುತ್ತದೆ. ಬೆಳೆಯುತ್ತ ಬೆಳೆಯುತ್ತ ಒಂದು ಕಣ್ಣು ತಲೆಯನ್ನು ಸುತ್ತಿ ಇನ್ನೊಂದು ಬದಿಗೆ ಸರಿಯುತ್ತದೆ. ಅರ್ಧ ಸರಿದ ಕಣ್ಣಿನಿಂದ ಪ್ರಾಣಿಗೆ ಏನು ಪ್ರಯೋಜನ ಎಂದು ಸೇಂಟ್ ಜಾರ್ಜ್ ಮಿವಾರ್ಟ್ 1871ರಲ್ಲಿ ಡಾರ್ವಿನ್‌ಗೆ ಸವಾಲು ಹಾಕಿದ್ದರು. ಡಾರ್ವಿನ್ 1872ರ ತಮ್ಮ ಗ್ರಂಥದ ಆರನೇ ಆವೃತ್ತಿಯಲ್ಲಿ ಉತ್ತರ ಕೊಟ್ಟರು. ಅರ್ಧ ಸರಿದ ಕಣ್ಣಿನ ಪಳೆಯುಳಿಕೆಯನ್ನು ಮ್ಯಾಟ್ ಫ್ರೀಡ್‌ಮನ್ ಎಂಬ ವಿಜ್ಞಾನಿ ತೋರಿಸಿದ್ದು 2008ರಲ್ಲಿ. ಆ ಅರ್ಧ ಸರಿದ ಕಣ್ಣಿನ ಲಕ್ಷಣ ಇಂದಿಗೂ ಉಳಿದಿರುವ ಮೀನು ಪುಣೆಯ ಮಾರುಕಟ್ಟೆಯಲ್ಲೇ ಸಿಗುತ್ತದೆ. ಅದೇ ಭಾಕಸ್.

ಭಾಕಸ್: ಎಮ್ಮೆ ನಾಲಿಗೆಯ ಹೆಸರು ಹೊತ್ತ ಮೀನು

ಭಾಕಸ್‌ನ ವೈಜ್ಞಾನಿಕ ಹೆಸರು ಸೆಟ್ಟೋಡಿಸ್ ಎರುಮೈ. ಬ್ಲಾಖ್ ಮತ್ತು ಶ್ನೈಡರ್ 1801ರಲ್ಲಿ ಹೆಸರಿಡುವಾಗ ಕೋರಮಂಡಲ ತೀರದ ತಮಿಳು ಹೆಸರನ್ನೇ ಎತ್ತಿಕೊಂಡರು. ‘ಎರುಮೈ ನಾಕ್ಕು’ ಎಂದರೆ ಎಮ್ಮೆಯ ನಾಲಿಗೆ. ಇಂಗ್ಲಿಷಿನಲ್ಲಿ ಇಂಡಿಯನ್ ಹ್ಯಾಲಿಬಟ್ ಎನ್ನುತ್ತಾರೆ. ಉತ್ತರ ಅಟ್ಲಾಂಟಿಕ್ ಮತ್ತು ಉತ್ತರ ಪೆಸಿಫಿಕ್ ಸಾಗರದ ತಣ್ಣೀರಿನ ಅಸಲಿ ಹ್ಯಾಲಿಬಟ್‌ಗೂ ಇದಕ್ಕೂ ದೂರದ ನಂಟಷ್ಟೇ. ಅಸಲಿ ಹ್ಯಾಲಿಬಟ್ ಭಾರತದ ಸಮುದ್ರದಲ್ಲಿ ಇಲ್ಲ. ಹಾಗಾಗಿ ಹೋಟೆಲ್‌ನವರು ‘ತಾಜಾ ಹ್ಯಾಲಿಬಟ್’ ಎಂದರೆ ಅದು ಭಾಕಸ್ ಆಗಿರಬೇಕು, ಇಲ್ಲವೇ ತಾಜಾ ಅಲ್ಲ, ಆಮದು ಮಾಡಿದ ಫ್ರೀಜರ್ ಮಾಲು.

ಭಾಕಸ್ ಗುರುತಿಸುವುದು ಸುಲಭ. ಬಾಯಿ ತೀರಾ ದೊಡ್ಡದು, ಸೀಳು ಕಣ್ಣಿನ ಹಿಂದಿನವರೆಗೂ ಹೋಗುತ್ತದೆ. ಒಳಗೆ ಸೂಜಿಯಂಥ ಹಲ್ಲುಗಳು ಸಾಲಾಗಿರುತ್ತವೆ. ಕೇರಳದಲ್ಲಿ ಇದನ್ನು ‘ಆಯಿರಂ ಪಲ್ಲಿ’, ಸಾವಿರ ಹಲ್ಲಿನದು, ಎಂದು ಕರೆಯುವುದು ಸುಮ್ಮನೆ ಅಲ್ಲ. ಬೆರಳು ಹಾಕಿ ನೋಡುವ ಸಾಹಸ ಬೇಡ. ಬಾಲ ಸ್ಪಷ್ಟವಾಗಿ ಬೇರೆಯಾಗಿ ಕಾಣುತ್ತದೆ. ಮೇಲಿನ ಕಣ್ಣು ತಲೆಯ ಅಂಚಿನಲ್ಲೇ ನಿಂತುಬಿಟ್ಟಿರುತ್ತದೆ, ಪೂರ್ತಿ ಈಚೆಗೆ ಬಂದಿರುವುದಿಲ್ಲ. ಎಲ್ಲಕ್ಕಿಂತ ಖಚಿತ ಗುರುತು ಬೆನ್ನಿನ ಈಜುರೆಕ್ಕೆ. ಉಳಿದ ಚಪ್ಪಟೆ ಮೀನುಗಳಲ್ಲಿ ಅದು ಕಣ್ಣಿನ ಮೇಲೆ ಅಥವಾ ಕಣ್ಣಿಗಿಂತ ಮುಂದೆ ಶುರುವಾದರೆ, ಭಾಕಸ್‌ನಲ್ಲಿ ಕಣ್ಣಿಗಿಂತ ಸಾಕಷ್ಟು ಹಿಂದೆ, ಕತ್ತಿನ ಮೇಲೆ ಶುರುವಾಗುತ್ತದೆ. ಎರಡಡಿ ಉದ್ದದ ತನಕ ಬೆಳೆಯುವ ಈ ಮೀನಿನ ಮೈ ಬೇರೆ ಚಪ್ಪಟೆ ಮೀನುಗಳಿಗಿಂತ ದಪ್ಪ. ಫಿಲೆಟ್‌ಗೆಂದೇ ಹುಟ್ಟಿದ ಮೀನು ಎಂದರೂ ತಪ್ಪಿಲ್ಲ.

ಎಡಗಣ್ಣೋ ಬಲಗಣ್ಣೋ?

ಇನ್ನೊಂದು ಪರೀಕ್ಷೆ ಕೇಳಲು ವಿಚಿತ್ರ, ಮಾಡಲು ಸುಲಭ. ಮೀನನ್ನು ಕಣ್ಣಿರುವ ಬದಿ ಮೇಲೆ ಬರುವಂತೆ ಹಲಗೆಯ ಮೇಲಿಡಿ. ಹೊಟ್ಟೆಯ ಅಂಚು ನಿಮ್ಮ ಕಡೆಗಿರಲಿ. ತಲೆ ಎಡಕ್ಕೆ ಬಂದರೆ ಅದು ಎಡಗಣ್ಣಿನ ಮೀನು, ಬಲಕ್ಕೆ ಬಂದರೆ ಬಲಗಣ್ಣಿನದು. ನಂಗು ಕುಟುಂಬ ಎಡಗಣ್ಣಿನದು. ಅಸಲಿ ಸೋಲ್ ಕುಟುಂಬ ಬಲಗಣ್ಣಿನದು. ಭಾಕಸ್ ಮಾತ್ರ ಎರಡೂ ಬಗೆಯಲ್ಲಿ ಸಿಗುತ್ತದೆ, ಹೆಚ್ಚುಕಡಿಮೆ ಸಮಸಮವಾಗಿ. ಒಂದೇ ಬುಟ್ಟಿಯಲ್ಲಿ ಎಡಕ್ಕೊಂದು ಬಲಕ್ಕೊಂದು ಮುಖ ಮಾಡಿದ ಒಂದೇ ರೂಪದ ದೊಡ್ಡ ಬಾಯಿಯ ಮೀನುಗಳಿದ್ದರೆ ಬೇರೆ ಪರೀಕ್ಷೆಯೇ ಬೇಕಿಲ್ಲ.

ಭಾಕಸ್ ಎಂದು ಕೆಲವೊಮ್ಮೆ ಮಾರಾಟವಾಗುವುದು ಫ್ಲೌಂಡರ್. ನಮ್ಮಲ್ಲಿ ಸಾಮಾನ್ಯವಾದದ್ದು ಸ್ಯೂಡೋರಾಂಬಸ್ ಆರ್ಸಿಯಸ್. ಇದೂ ಎಡಗಣ್ಣಿನದು, ಬಾಲವೂ ಬೇರೆಯಾಗಿದೆ, ಮುಂದೆ ಕೋರೆಹಲ್ಲುಗಳೂ ಇವೆ. ಆದರೆ ಬೆನ್ನಿನ ರೆಕ್ಕೆ ಕಣ್ಣಿಗಿಂತ ಮುಂದೆಯೇ ಶುರು, ಮೈ ತೆಳು, ಪಕ್ಕದ ಗೆರೆ ಕಿವಿರಿನ ಹಿಂದೆ ಕಮಾನಿನಂತೆ ಬಾಗಿ ಆಮೇಲೆ ನೇರವಾಗುತ್ತದೆ. ಆ ಬಾಗು ಮುಗಿಯುವಲ್ಲಿ ಒಂದು ಕಪ್ಪು ಮಚ್ಚೆ, ಗೆರೆಯ ನಡುವೆ ಇನ್ನೊಂದು. ರುಚಿಯಲ್ಲಿ ಕೆಟ್ಟದ್ದೇನಲ್ಲ. ಆದರೆ ಮೈ ತೆಳುವಾಗಿರುವುದರಿಂದ ಅದೇ ತೂಕಕ್ಕೆ ಮಾಂಸ ಕಡಿಮೆ ಸಿಗುತ್ತದೆ, ಭಾಕಸ್‌ನ ದರ ಕೊಡಬೇಕಿಲ್ಲ.

ನಂಗಿನೊಳಗೂ ಒಳಪಂಗಡ

ಮಂಗಳೂರು, ಮಲ್ಪೆಯಲ್ಲಿ ಮಳೆಗಾಲ ಕಳೆಯುತ್ತಿದ್ದಂತೆ ರಾಶಿ ಬೀಳುವ ನಂಗು ಮಲಬಾರ್ ಸೋಲ್. ವೈಜ್ಞಾನಿಕ ಹೆಸರು ಸೈನೋಗ್ಲಾಸಸ್ ಮ್ಯಾಕ್ರೋಸ್ಟೋಮಸ್. ಗ್ರೀಕ್ ಮೂಲದ ಮೊದಲ ಪದಕ್ಕೆ ನಾಯಿ ನಾಲಿಗೆ ಎಂದರ್ಥ. ತಮಿಳರಿಗೆ ಎಮ್ಮೆಯ ನಾಲಿಗೆ ಕಂಡರೆ ಗ್ರೀಕರ ಭಾಷೆಯಲ್ಲಿ ಅದು ನಾಯಿಯದ್ದಾಯಿತು. ಮಲಬಾರ್ ಸೋಲ್ ಒಂದು ಗೇಣು ದಾಟುವುದು ಅಪರೂಪ, ಸಾಮಾನ್ಯವಾಗಿ 12ರಿಂದ 15 ಸೆಂ.ಮೀ. ಕೆಸರು ತಳದಲ್ಲಿ ಹುಳುಗಳನ್ನು ತಿಂದು ಬದುಕುತ್ತದೆ. ಎದೆಯ ಈಜುರೆಕ್ಕೆಗಳೇ ಇಲ್ಲ. ಬೆನ್ನಿನ ರೆಕ್ಕೆ, ಹೊಟ್ಟೆಯ ಅಂಚಿನ ರೆಕ್ಕೆ ಎರಡೂ ಬಾಲದೊಂದಿಗೆ ಕೂಡಿಕೊಂಡು ಮೈ ಸುತ್ತ ಜಾಲರಿಯಂತೆ ಕಾಣುತ್ತವೆ. ಮೂತಿ ಕೆಳಕ್ಕೆ ಕೊಕ್ಕೆಯಂತೆ ಬಾಗಿರುತ್ತದೆ, ಕಣ್ಣುಗಳು ಸಾಸಿವೆ ಕಾಳಿನಷ್ಟು.

ಪುಣೆಯ ‘ದೊಡ್ಡ ಲೇಪಾ’ ಬುಟ್ಟಿಯಲ್ಲಿ ಸಿಗುವುದರಲ್ಲಿ ಮುಖ್ಯವಾದದ್ದು ಸೈನೋಗ್ಲಾಸಸ್ ಅರೆಲ್. ಇದು 30 ಸೆಂ.ಮೀ. ಸುಲಭವಾಗಿ ಮುಟ್ಟುತ್ತದೆ, 40ರ ತನಕವೂ ಹೋಗುತ್ತದೆ. ಹುರುಪೆ ದೊಡ್ಡದು, ಬೆರಳಾಡಿಸಿದರೆ ಒಂದೊಂದೂ ತಿಳಿಯುತ್ತದೆ. ಮಲಬಾರ್ ಸೋಲ್‌ನ ಹುರುಪೆ ಸಣ್ಣ ಮರಳು ಕಾಗದದ ಹಾಗೆ. ಒಂದೇ ಗಾತ್ರದ ಎರಡು ಮೀನುಗಳನ್ನು ಪಕ್ಕ ಪಕ್ಕ ಇಟ್ಟರೆ ಈ ವ್ಯತ್ಯಾಸ ಕಣ್ಣಿಗಿಂತ ಬೇಗ ಕೈಗೆ ಸಿಗುತ್ತದೆ. ಮೈತುಂಬ ಅಡ್ಡಾದಿಡ್ಡಿ ಕಂದು ಮಚ್ಚೆಗಳಿದ್ದರೆ ಅದು ಪಂಕ್ಟಿಸೆಪ್ಸ್ ಎಂಬ ಇನ್ನೊಂದು ಜಾತಿ. ತುಟಿಯ ಅಂಚಿನಲ್ಲಿ ಕುಚ್ಚಿನಂಥ ಎಳೆಗಳಿದ್ದರೆ ಪ್ಯಾರಾಪ್ಲಗೂಸಿಯಾ. ಅಡುಗೆಗೆ ಇವೆಲ್ಲ ಹೆಚ್ಚುಕಡಿಮೆ ಒಂದೇ, ಇಷ್ಟು ಸೂಕ್ಷ್ಮಕ್ಕೆ ಹೋಗುವುದು ಹವ್ಯಾಸಿಗಳ ಕೆಲಸ.

ಆದರೆ ಬಲಗಣ್ಣಿನ ಸೋಲ್ ಬೇರೆಯೇ. ಮೂತಿ ಕೊಕ್ಕೆಯಾಗಿರದೆ ಗುಂಡಗಿರುತ್ತದೆ, ಮೈ ನಾಲಿಗೆಗಿಂತ ಎಲೆಯ ಆಕಾರಕ್ಕೆ ಹತ್ತಿರ. ಕಪ್ಪಗಿನ ಓರಿಯಂಟಲ್ ಸೋಲ್, ಮೈಮೇಲೆ ಪಟ್ಟೆಗಳಿರುವ ಜೀಬ್ರಾ ಸೋಲ್ ಇಂಥವು. ಇದೇ ಕುಟುಂಬದ ಪಾರ್ಡಕೈರಸ್ ಎಂಬ ಜಾತಿ ರೆಕ್ಕೆಯ ಬುಡದಿಂದ ಹಾಲಿನಂಥ ವಿಷವನ್ನು ಒಸರುತ್ತದೆ. ಕೆಂಪು ಸಮುದ್ರದಲ್ಲಿ ಅದರ ಮೇಲೆ ಪ್ರಯೋಗ ನಡೆಸಿದ ಯೂಜಿನಿ ಕ್ಲಾರ್ಕ್, ಶಾರ್ಕ್ ಕೂಡ ಅದನ್ನು ಕಚ್ಚಲು ಹಿಂಜರಿಯುವುದನ್ನು ತೋರಿಸಿಕೊಟ್ಟರು. ಪುಣೆಯ ಬುಟ್ಟಿಯಲ್ಲಿ ಅದು ಎದುರಾಗುವ ಸಂಭವ ಇಲ್ಲವೆನ್ನುವಷ್ಟು ಕಡಿಮೆ.

ಯಾವಾಗ ಕೊಳ್ಳಬೇಕು?

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಪೂರ್ವ ಕರಾವಳಿಯಲ್ಲಿ ಅದು ಏಪ್ರಿಲ್ 15ರಿಂದ ಜೂನ್ 14. ಜುಲೈನಲ್ಲಿ ಯಾರಾದರೂ ರಾಶಿಗಟ್ಟಲೆ ‘ರಾತ್ರಿ ಬಂದ ತಾಜಾ ಭಾಕಸ್’ ಎಂದರೆ ಎಲ್ಲಿಂದ ಬಂತು ಎಂದು ಕೇಳಿ. ಪೂರ್ವ ತೀರದ್ದಾಗಿರಬಹುದು, ಶೀತಲಗೃಹದ್ದೂ ಆಗಿರಬಹುದು. ಖಾಡಿಯ ಸಣ್ಣ ದೋಣಿಗಳ ಲೇಪಾ ಆಗಲೂ ಅಷ್ಟಿಷ್ಟು ಬರುತ್ತದೆ.

ಆಗಸ್ಟ್‌ನಿಂದ ನಂಗಿನ ಸುಗ್ಗಿ. ಪುಣೆಯಲ್ಲಿರುವವರಿಗೆ ಇಲ್ಲೊಂದು ಅನುಕೂಲವಿದೆ. ಅದೇ ಹೊತ್ತಿಗೆ ಶ್ರಾವಣ ಬರುತ್ತದೆ. ಮಹಾರಾಷ್ಟ್ರದ ಬಹಳಷ್ಟು ಮನೆಗಳಲ್ಲಿ ತಿಂಗಳಿಡೀ ಮೀನು ಮಾಂಸ ಮುಟ್ಟುವುದಿಲ್ಲ. ಬೇಡಿಕೆ ಇಳಿದು ದರವೂ ಇಳಿಯುತ್ತದೆ. ವ್ರತ ಇಲ್ಲದವರು ಚೀಲ ಹಿಡಿದು ಹೊರಡಬೇಕಾದ ತಿಂಗಳು ಅದು.

ತಾಜಾತನ ನೋಡಲು ನಂಗಿನ ಕಣ್ಣನ್ನು ನಂಬಿ ಪ್ರಯೋಜನವಿಲ್ಲ, ಅದು ಅಷ್ಟು ಸಣ್ಣದು. ಮೀನನ್ನು ತಿರುವಿ ಹಾಕಿ ಬಿಳಿ ಬದಿ ನೋಡಿ. ಹಾಲುಬಿಳುಪು ಇದ್ದರೆ ಒಳ್ಳೆಯದು. ಹಳದಿ ತಿರುಗಿದ್ದರೆ, ಅಂಚಿನಲ್ಲಿ ಕೆಂಪು ಕಲೆ ಹರಡಿದ್ದರೆ ಬಿಟ್ಟುಬಿಡಿ. ಕಿವಿರು ಕೆಂಪಗಿರಬೇಕು. ಕೆಸರಿನ ಹುಳು ತಿನ್ನುವ ಮೀನಾದ್ದರಿಂದ ಕರುಳು ಬೇಗ ಕೆಡುತ್ತದೆ, ತಲೆಯ ಹತ್ತಿರ ಒತ್ತಿದಾಗ ಮೆತ್ತಗಾಗಿ ದ್ರವ ಬಂದರೆ ಅದು ಹಳೆಯದು. ಪುಣೆಗೆ ಸಮುದ್ರವಿಲ್ಲ. ಮುಂಬೈಯಿಂದ ಬಂದರೂ 150 ಕಿ.ಮೀ. ಆಸುಪಾಸು ಲಾರಿಯಲ್ಲಿ, ಐಸ್‌ನಲ್ಲಿ ಬಂದಿರುತ್ತದೆ. ಐಸ್ ಕರಗಿದ ನೀರಿನಲ್ಲಿ ತೇಲುತ್ತಿರುವ ಮೀನಿಗಿಂತ ಐಸ್ ನಡುವೆ ಹೂತಿರುವ ಮೀನು ಯಾವಾಗಲೂ ಮೇಲು.

ತಲೆ ಕತ್ತರಿಸುವ ಮುನ್ನ ಗುರುತು ಹಿಡಿಯಿರಿ

ಮೇಲೆ ಹೇಳಿದ ಗುರುತುಗಳೆಲ್ಲ ಇರುವುದು ತಲೆ, ಬಾಲ, ಚರ್ಮದಲ್ಲಿ. ಫಿಲೆಟ್ ಆದ ಮೇಲೆ ಅದ್ಯಾವುದೂ ಉಳಿಯುವುದಿಲ್ಲ. ಇಲ್ಲೇ ಗ್ರಾಹಕ ಮೋಸ ಹೋಗುವುದು. ಸೋಲ್ ಎಂಬ ಹೆಸರಿನಲ್ಲಿ ಬಾಸಾ ತಟ್ಟೆಗೆ ಬರುವುದು ಸುಲಭ. ಬಾಸಾ ಪಂಗೇಸಿಯಸ್ ಜಾತಿಯ, ಕೆರೆಯಲ್ಲಿ ಸಾಕಿದ ಸಿಹಿನೀರಿನ ಮೀನು. ವಿಯೆಟ್ನಾಂನಿಂದ ಆಮದಾಗುತ್ತದೆ, ಆಂಧ್ರದಲ್ಲೂ ಸಾಕುತ್ತಾರೆ. ತಿನ್ನಲು ಯೋಗ್ಯವಾದ, ಅಗ್ಗದ ಮೀನು. ಬಾಸಾ ಎಂದೇ ಹೇಳಿ ಮಾರಿದರೆ ತಕರಾರಿಲ್ಲ. ಸೋಲ್ ದರ ಹಾಕಿದರೆ ತಕರಾರು.

ಪತ್ತೆಗೆ ತಕ್ಕಡಿಯೇ ಸಾಕು. 40 ಸೆಂ.ಮೀ.ನ ದೊಡ್ಡ ಲೇಪಾದಿಂದಲೂ ಬರುವ ನಾಲ್ಕು ಫಿಲೆಟ್‌ಗಳು ಒಂದೊಂದೂ ಕೆಲವೇ ಹತ್ತು ಗ್ರಾಂ ತೂಗುತ್ತವೆ, ಪಟ್ಟಿಯಂತೆ ಉದ್ದ, ಬೆರಳಿಗಿಂತ ತೆಳು. ಒಂದೇ ತುಂಡು 200 ಗ್ರಾಂ ಇದ್ದು, ಒಂದು ತುದಿ ದಪ್ಪ ಇನ್ನೊಂದು ತುದಿ ಚೂಪಾಗಿ, ನಡುವೆ ಉದ್ದಕ್ಕೆ ಗೆರೆಯಿದ್ದರೆ ಅದು ನಂಗು ಅಲ್ಲವೇ ಅಲ್ಲ. ದೊಡ್ಡ ಭಾಕಸ್‌ನಿಂದ ಅಷ್ಟು ತೂಕದ ತುಂಡು ಬರಬಹುದು. ಆದರೆ ಅದರ ಮಾಂಸ ಗಟ್ಟಿ, ಬಾಣಲೆಗೆ ಹಾಕಿದರೆ ಬಾಸಾದಷ್ಟು ನೀರು ಬಿಡುವುದಿಲ್ಲ. ಇನ್ನು ಖಚಿತವಾಗಬೇಕೆಂದರೆ ಡಿಎನ್‌ಎ ಬಾರ್‌ಕೋಡಿಂಗ್. ಕೆನಡಾದ ಪಾಲ್ ಹೀಬರ್ಟ್ 2003ರಲ್ಲಿ ಮುಂದಿಟ್ಟ ಈ ವಿಧಾನದಲ್ಲಿ ಒಂದೇ ಒಂದು ಜೀನ್‌ನ ತುಣುಕಿನಿಂದ ಜಾತಿ ಹೇಳುತ್ತಾರೆ. ಮನೆ ಬಳಕೆಯ ಗ್ರಾಹಕನಿಗೆ ಅದು ದೂರದ ಮಾತು. ಪ್ಯಾಕೆಟ್ ಆದರೆ ಆಹಾರದ ಹೆಸರು ಲೇಬಲ್ ಮೇಲೆ ಇರಲೇಬೇಕು. ಹೆಸರೊಂದು ಒಳಗಿನದ್ದೊಂದು ಎನಿಸಿದರೆ ಮಹಾರಾಷ್ಟ್ರದ ಅನ್ನ ಮತ್ತು ಔಷಧ ಆಡಳಿತಕ್ಕೆ ದೂರು ಕೊಡಬಹುದು. ಬಿಲ್ಲು ಮತ್ತು ಪ್ಯಾಕೆಟ್ ಎರಡನ್ನೂ ಇಟ್ಟುಕೊಂಡಿರಿ.

ಮೀನು ಮಾರುವ ಮಾವಶಿ ಕುಳಿತಿರುವುದು ಈಳಿಗೆಯಂಥ ‘ವಿಳಿ’ಯ ಮುಂದೆ. ಅಡ್ಡ ತುಂಡು ಮಾಡಲು ಅದಕ್ಕಿಂತ ವೇಗದ ಸಾಧನ ಬೇರಿಲ್ಲ, ಆದರೆ ಫಿಲೆಟ್ ತೆಗೆಯಲು ಅದು ಹೇಳಿದ್ದಲ್ಲ. ಲೇಪಾ ಕೊಂಡರೆ ‘ಮಾವಶಿ, ಸಾಲ ಕಾಢೂನ್ ದ್ಯಾ’ ಎನ್ನಿ, ಚರ್ಮ ಸುಲಿದು ಕೊಡುತ್ತಾರೆ. ಭಾಕಸ್ ಆದರೆ ಹೊಟ್ಟೆ ಮಾತ್ರ ಸ್ವಚ್ಛ ಮಾಡಿಸಿ, ಇಡಿಯಾಗಿ ಮನೆಗೆ ತನ್ನಿ.

ಭಾಕಸ್ ಫಿಲೆಟ್ ತೆಗೆಯುವ ಕ್ರಮ

ಉಳಿದ ಮೀನಿನಿಂದ ಎರಡು ಫಿಲೆಟ್ ಬಂದರೆ ಚಪ್ಪಟೆ ಮೀನಿನಿಂದ ನಾಲ್ಕು ಬರುತ್ತವೆ: ಮೇಲಿನ ಬದಿಯಲ್ಲಿ ಎರಡು, ಕೆಳಗಿನ ಬದಿಯಲ್ಲಿ ಎರಡು. ನಡುವೆ ಬೆನ್ನುಮೂಳೆ, ಅದರ ಎರಡೂ ಕಡೆ ಬಾಚಣಿಗೆಯ ಹಲ್ಲಿನಂತೆ ಮುಳ್ಳು. ಈ ಚಿತ್ರ ಮನಸ್ಸಿನಲ್ಲಿದ್ದರೆ ಕೈ ತಾನೇ ದಾರಿ ಹಿಡಿಯುತ್ತದೆ.

ತೆಳುವಾದ, ಸ್ವಲ್ಪ ಬಳುಕುವ, ಆರೇಳು ಇಂಚಿನ ಚಾಕು ಬೇಕು. ಮೊಂಡು ಚಾಕುವಿನಲ್ಲಿ ಬಲ ಹಾಕಬೇಕಾಗುತ್ತದೆ, ಬಲ ಹಾಕಿದಾಗಲೇ ಬೆರಳು ಕೊಯ್ಯುವುದು. ಹಲಗೆಯ ಕೆಳಗೆ ಒದ್ದೆ ಬಟ್ಟೆ ಹಾಸಿ, ಜಾರುವುದಿಲ್ಲ. ಮೀನನ್ನು ತೊಳೆದು ಬಟ್ಟೆಯಿಂದ ಪೂರ್ತಿ ಒರೆಸಿ. ಲೋಳೆಯಿದ್ದರೆ ಮೀನೂ ಚಾಕುವೂ ಎರಡೂ ಜಾರುತ್ತವೆ.

ಕಣ್ಣಿನ ಬದಿ ಮೇಲಿರಲಿ. ತಲೆಯ ಹಿಂದೆ, ಕಿವಿರಿನ ಅಂಚನ್ನು ಅನುಸರಿಸಿ ಮೂಳೆ ತಾಗುವ ತನಕ ಕೊಯ್ಯಿರಿ. ಬಾಲದ ಬುಡದಲ್ಲೂ ಒಂದು ಅಡ್ಡ ಗೀರು. ಈಗ ತಲೆಯಿಂದ ಬಾಲದವರೆಗೆ ಪಕ್ಕದ ಗೆರೆಯ ಮೇಲೆ, ನಟ್ಟನಡುವೆ, ಬೆನ್ನುಮೂಳೆ ಸಿಗುವಷ್ಟು ಆಳಕ್ಕೆ ಸೀಳಿ. ಚಾಕುವನ್ನು ಮಲಗಿಸಿ, ಅಲಗು ಮುಳ್ಳಿನ ಮೇಲೆ ಒರಗಿಕೊಂಡಿರುವಂತೆ, ನಡುವಿನಿಂದ ರೆಕ್ಕೆಯ ಅಂಚಿನ ಕಡೆಗೆ ಉದ್ದುದ್ದ ಎಳೆತಗಳಲ್ಲಿ ಬಿಡಿಸುತ್ತ ಹೋಗಿ. ಅಲಗು ಮುಳ್ಳಿಗೆ ತಾಗಿ ಟಿಕ್ ಟಿಕ್ ಸದ್ದು ಬರುತ್ತಿದ್ದರೆ ಸರಿಯಾಗಿದೆ ಎಂದರ್ಥ. ಸದ್ದು ನಿಂತರೆ ಚಾಕು ಮಾಂಸದೊಳಗೆ ಹೊಕ್ಕಿದೆ, ಆ ಮಾಂಸ ಮೂಳೆಯಲ್ಲೇ ಉಳಿಯುತ್ತದೆ. ಎಡಗೈಯಲ್ಲಿ ಬಿಡಿಸಿದ ಭಾಗವನ್ನು ಪುಸ್ತಕದ ಹಾಳೆಯಂತೆ ಮೇಲೆತ್ತಿ ಹಿಡಿಯಿರಿ. ರೆಕ್ಕೆಯ ಬುಡ ಬಂದಾಗ ಕೊಯ್ದು ಬೇರ್ಪಡಿಸಿ. ಮೀನನ್ನು ತಿರುಗಿಸಿಟ್ಟು ಇನ್ನೊಂದು ಅರ್ಧ, ಆಮೇಲೆ ಬೋರಲು ಹಾಕಿ ಬಿಳಿ ಬದಿಯ ಎರಡು. ಕೆಳಗಿನ ಬದಿಯ ಫಿಲೆಟ್ ಸ್ವಲ್ಪ ತೆಳು. ಹೊಟ್ಟೆಯ ಚೀಲ ತಲೆಯ ಹತ್ತಿರ ಸಣ್ಣದಾಗಿರುತ್ತದೆ, ಅಲ್ಲಿ ಮೆಲ್ಲಗೆ. ಹೆಣ್ಣು ಮೀನಾದರೆ ಮೊಟ್ಟೆಯ ಚೀಲ ಅಂಚಿನುದ್ದಕ್ಕೂ ಹಿಂದಕ್ಕೆ ಚಾಚಿರುತ್ತದೆ, ಅದನ್ನು ಎಸೆಯಬೇಡಿ.

ಚರ್ಮ ತೆಗೆಯಲು ಫಿಲೆಟ್ಟನ್ನು ಚರ್ಮ ಕೆಳಗಾಗಿ ಇಟ್ಟು, ಬಾಲದ ತುದಿಯಲ್ಲಿ ಚಿಟಿಕೆ ಉಪ್ಪು ಹಚ್ಚಿದ ಬೆರಳಿನಿಂದ ಬಿಗಿಯಾಗಿ ಹಿಡಿಯಿರಿ. ಚರ್ಮಕ್ಕೂ ಮಾಂಸಕ್ಕೂ ನಡುವೆ ಅಲಗು ತೂರಿಸಿ, ಚಾಕುವನ್ನು ಸ್ವಲ್ಪ ಕೆಳಮುಖವಾಗಿ ಓರೆ ಹಿಡಿದು, ಚಾಕು ನೂಕುವುದಕ್ಕಿಂತ ಹೆಚ್ಚಾಗಿ ಚರ್ಮವನ್ನು ಎಡಬಲ ಅಲುಗಿಸುತ್ತ ಎಳೆಯಿರಿ. ಕೊನೆಗೆ ಬೆರಳಾಡಿಸಿ, ಅಂಚಿನಲ್ಲಿ ರೆಕ್ಕೆಯ ಮುಳ್ಳು ಉಳಿದಿದ್ದರೆ ಒಂದು ಪಟ್ಟಿಯಷ್ಟು ಕತ್ತರಿಸಿ ಹಾಕಿ.

ಲೆಕ್ಕವನ್ನೂ ನೋಡಿಬಿಡಿ. ತಲೆ, ಮೂಳೆ, ಚರ್ಮ ಹೋಗಿ ಉಳಿಯುವುದು ಅರ್ಧಕ್ಕಿಂತ ಕಡಿಮೆ. ಎರಡು ಕಿಲೋ ಭಾಕಸ್‌ಗೆ 800 ಗ್ರಾಂ ಆಸುಪಾಸು ಸಿಕ್ಕರೆ ಒಳ್ಳೆಯ ಕೈ. ಅಂದರೆ ಇಡೀ ಮೀನು ಕಿಲೋಗೆ 400 ರೂ. ಎಂದಿಟ್ಟುಕೊಂಡರೆ ನಿಮ್ಮ ಫಿಲೆಟ್ ಕಿಲೋಗೆ 1,000 ರೂ. ಬಿದ್ದಂತಾಯಿತು. ಅಂಗಡಿಯಲ್ಲಿ ಸಿದ್ಧ ಫಿಲೆಟ್ ಅದಕ್ಕಿಂತ ತೀರಾ ಅಗ್ಗವಾಗಿದ್ದರೆ ಅದು ಯಾವ ಮೀನು ಎಂದು ಕೇಳುವ ಹಕ್ಕು ನಿಮಗಿದೆ. ಮೂಳೆ, ತಲೆಯನ್ನು ಕಿವಿರು ತೆಗೆದು, ತೊಳೆದು ಕುದಿಸಿದರೆ ಸಾರಿಗೆ ಒಳ್ಳೆಯ ರಸ. 20 ನಿಮಿಷ ಸಾಕು, ಹೆಚ್ಚು ಕುದಿಸಿದರೆ ಕಹಿಯಾಗುತ್ತದೆ.

ನಂಗಿಗೆ ಫಿಲೆಟ್ ಯಾಕೆ?

ಗೇಣುದ್ದದ ನಂಗನ್ನು ಫಿಲೆಟ್ ಮಾಡುವುದು ಸಮಯ ದಂಡ, ಮಾಂಸವೂ ದಂಡ. ಕರಾವಳಿಯ ಪದ್ಧತಿಯೇ ಸರಿ. ತಲೆಯನ್ನು ಓರೆಯಾಗಿ ಕೊಯ್ಯುವಾಗ ಚರ್ಮದ ತುದಿಯನ್ನು ಉಳಿಸಿಕೊಂಡು, ಉಪ್ಪು ಅಥವಾ ಬೂದಿ ಹಚ್ಚಿದ ಬೆರಳಲ್ಲಿ ಹಿಡಿದು ಬಾಲದ ಕಡೆಗೆ ಎಳೆದರೆ ಚರ್ಮ ಒಂದೇ ಹಾಳೆಯಾಗಿ ಬರುತ್ತದೆ. ಇನ್ನೊಂದು ಬದಿಗೂ ಹಾಗೆಯೇ. ಆಮೇಲೆ ಕತ್ತರಿಯಿಂದ ಎರಡೂ ಅಂಚಿನ ರೆಕ್ಕೆಗಳನ್ನು ಅರ್ಧ ಸೆಂ.ಮೀ. ಒಳಗೆ ಬಂದು ಕತ್ತರಿಸಿ. ಮಕ್ಕಳ ಗಂಟಲಿಗೆ ಸಿಗುವುದು ಅಂಚಿನ ಈ ಸಣ್ಣ ಮುಳ್ಳುಗಳೇ, ನಡುವಿನ ಮುಳ್ಳಲ್ಲ. ಖಾರ ಹಚ್ಚಿ, ರವೆಯಲ್ಲಿ ಹೊರಳಿಸಿ ಕಾವಲಿಯಲ್ಲಿ ಹುರಿದರೆ ಬೆಂದ ಮೇಲೆ ನಡುವಿನ ಮುಳ್ಳಿನ ಸಾಲು ಬಾಚಣಿಗೆಯಂತೆ ಇಡಿಯಾಗಿ ಎದ್ದು ಬರುತ್ತದೆ. ತಟ್ಟೆಯಲ್ಲೇ ಫಿಲೆಟ್ ಆದ ಹಾಗೆ.

30 ಸೆಂ.ಮೀ. ದಾಟಿದ ಲೇಪಾ ಸಿಕ್ಕರೆ ಮಾತ್ರ ಮೇಲಿನ ಕ್ರಮದಲ್ಲೇ ನಾಲ್ಕು ಪಟ್ಟಿ ತೆಗೆಯಬಹುದು. ಆದರೆ ಇಲ್ಲಿ ಮೊದಲು ಚರ್ಮ ಸುಲಿದು ಆಮೇಲೆ ಚಾಕು ಹಿಡಿಯಬೇಕು, ಭಾಕಸ್‌ಗೆ ಅದರ ತಿರುಗುಮುರುಗು. ಈ ಪಟ್ಟಿಗಳು ಎಷ್ಟು ತೆಳುವೆಂದರೆ ಕಾದ ಕಾವಲಿಯ ಮೇಲೆ ಒಂದೊಂದು ಬದಿಗೆ ಒಂದೂವರೆ ನಿಮಿಷ ಸಾಕು. ಮಗುಚುವಾಗ ಅಗಲ ಸಟ್ಟುಗ ಬಳಸಿ, ಇಲ್ಲವಾದರೆ ಪುಡಿಯಾಗುತ್ತದೆ. ಒಂದೇ ದಿನ ತಿಂದು ಮುಗಿಯದಷ್ಟು ಕೊಂಡಿದ್ದರೆ ಪಟ್ಟಿಗಳ ನಡುವೆ ಪ್ಲಾಸ್ಟಿಕ್ ಹಾಳೆ ಇಟ್ಟು ಫ್ರೀಜರ್‌ನಲ್ಲಿಡಿ, ಡಬ್ಬಿಯ ಮೇಲೆ ಮೀನಿನ ಹೆಸರು ಮತ್ತು ತಾರೀಖು ಬರೆದು.